ಕಾಡಿಗೆ: ಕಣ್ಣಿಂದ ಕಬ್ಬಿಗೆ

ಕಾಡಿಗೆ ಎಂಬ ಮಾತು ಎರಡು ಬಗೆಯ ಕ್ರಿಯಾಪದಗಳ ಜೊತೆ ಬಾಳುತ್ತ ಬಂದಿದೆ. ಕಣ್ಣಿಗಾದರೆ ಕಾಡಿಗೆ ಹಚ್ಚುತ್ತಾರೆ, ಇಡುತ್ತಾರೆ, ತೀಡುತ್ತಾರೆ. ಅಲ್ಲೊಂದು ಕೈ ಇದೆ, ಆ ಕೈಯಲ್ಲಿ ಅಕ್ಕರೆಯೂ ಇದೆ. ಬೆಳೆಗಾದರೆ ಕಾಡಿಗೆ ಬೀಳುತ್ತದೆ, ತಗಲುತ್ತದೆ. ಅಲ್ಲಿ ಯಾರ ಕೈಯೂ ಕಾಣದು. ಚನ್ನರಾಯಪಟ್ಟಣದ ಹತ್ತಿರ ಶ್ರೀನಿವಾಸಪುರದಲ್ಲಿರುವ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತಿನ ಕಬ್ಬಿನ ಸೀಮೆಯಲ್ಲಾಗಲಿ, ಹೊಳೆನರಸೀಪುರದ ಕಡೆಯ ನಾಲೆ ಬಯಲಿನಲ್ಲಾಗಲಿ, ‘ಕೂಳೆಗೆ ಕಾಡಿಗೆ ಬಿದ್ದೈತೆ’ ಎಂದರೆ ಯಾರೂ ಕಣ್ಣಿನ ಅಲಂಕಾರವನ್ನು ನೆನೆಯುವುದಿಲ್ಲ. ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬಿನ ನೆತ್ತಿಯಲ್ಲಿ ಕರಿಯ ಚಾಟಿಯೊಂದು ಎದ್ದಿದೆ, ಮುಟ್ಟಿದರೆ ಕೈಗೆ ಕಪ್ಪು ಹತ್ತುತ್ತದೆ, ಆ ಬುಡದಿಂದ ಇನ್ನು ಒಳ್ಳೆಯ ಜಲ್ಲೆ ಸಿಗುವುದಿಲ್ಲ ಎಂದೇ ಅರ್ಥ.

ಒಂದೇ ಪದ ಚೆಲುವಿಗೂ ಕೇಡಿಗೂ ಹೇಗೆ ಸಲ್ಲಿತು? ಅದನ್ನು ತಿಳಿಯಲು ಮೊದಲು ದೀಪದ ಬಳಿಗೆ ಹೋಗಬೇಕು.

ಹಳೆಯ ಮನೆಗಳಲ್ಲಿ ಕಪ್ಪಿಗೆ ಮೂರು ನೆಲೆಗಳಿದ್ದವು. ಒಲೆಯ ಮೇಲಿಟ್ಟ ಪಾತ್ರೆಯ ತಳ ಹಿಡಿಯುವುದು ಮಸಿ. ಅಡುಗೆಮನೆಯ ಸೂರಿನಲ್ಲಿ ಜೇಡರ ಬಲೆಗೆ ಹೊಗೆ ಹತ್ತಿ ತೂಗಾಡುವುದು ಇಲ್ಲಣ. ಎಣ್ಣೆದೀಪದ ಕುಡಿಯ ಮೇಲೆ ತಟ್ಟೆ ಕವುಚಿ ಬೇಕೆಂದೇ ಹಿಡಿದದ್ದು ಕಾಡಿಗೆ. ಮೊದಲೆರಡು ಬೇಡದೆ ಬಂದವು, ಗುಡಿಸಿ ತಿಕ್ಕಿ ಕಳೆಯಬೇಕಾದವು. ಮೂರನೆಯದು ಬಯಸಿ ಮಾಡಿಕೊಂಡದ್ದು. ಗರುಗದ ಸೊಪ್ಪಿನ ರಸದಲ್ಲಿ ಬಿಳಿಯ ಬಟ್ಟೆ ಅದ್ದಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ತಾಮ್ರದ ತಟ್ಟೆಯಲ್ಲಿ ಕೂತ ಕಪ್ಪನ್ನು ಮೆಲ್ಲಗೆ ಕೆರೆದು, ಬೆಣ್ಣೆಯಲ್ಲೋ ಹರಳೆಣ್ಣೆಯಲ್ಲೋ ಮಿದಿದು ಕರಡಿಗೆಗೆ ತುಂಬುತ್ತಿದ್ದರು. ಈ ಕೆಲಸದಿಂದಲೇ ಗರುಗಕ್ಕೆ ಕಾಡಿಗ್ಗರಗ ಎಂಬ ಇನ್ನೊಂದು ಹೆಸರು ಅಂಟಿಕೊಂಡಿದೆ. ಕೂಸಿನ ಕಣ್ಣಿಗೆ ತೀಡಿ ಉಳಿದದ್ದನ್ನು ಕೆನ್ನೆಗೋ ಅಂಗಾಲಿಗೋ ದೃಷ್ಟಿಬೊಟ್ಟಾಗಿ ಇಡುತ್ತಿದ್ದರು. ಕೆಟ್ಟ ಕಣ್ಣು ತಾಗದಿರಲಿ ಎಂದು ಒಳ್ಳೆಯ ಕಣ್ಣಿನಿಂದಲೇ ಕಡ ತಂದ ಕಪ್ಪು ಅದು.

ಕಬ್ಬು ಜೋಳಗಳ ರೋಗಕ್ಕೆ ಹೆಸರಿಟ್ಟ ರೈತ ಈ ಮೂರರಲ್ಲಿ ಕಾಡಿಗೆಯನ್ನೇ ಏಕೆ ಆರಿಸಿದ? ಮಸಿ ಎನ್ನಬಹುದಿತ್ತು. ನನಗನ್ನಿಸುವಂತೆ ಅವನ ಬೆರಳು ಸರಿಯಾಗಿ ಗುರುತಿಸಿತ್ತು. ಮಸಿ ಒರಟು, ಚಕ್ಕೆಚಕ್ಕೆಯಾಗಿ ಉದುರುತ್ತದೆ. ರೋಗ ಹಿಡಿದ ತೆನೆಯ ಪುಡಿ ನುಣುಪು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದರೆ ಚರ್ಮದ ಗೆರೆಗಳಲ್ಲಿ ಇಳಿದು ಕೂರುತ್ತದೆ, ಕಣ್ಣಿಗೆ ತೀಡಬಹುದೇನೋ ಎನ್ನುವಷ್ಟು ನಯ. ಅದರ ಒಂದೊಂದು ಕಣವೂ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಚಿಕ್ಕದು ಎಂಬುದನ್ನು ಸೂಕ್ಷ್ಮದರ್ಶಕ ಬಹಳ ತಡವಾಗಿ ಹೇಳಿತು.

ಪದದ ನಂಟರು ಯಾರೆಂದು ನೋಡೋಣ. ತೆಲುಗಿನಲ್ಲಿ ಕಾಟುಕ ಇದೆ, ಅರ್ಥ ಅದೇ. ಕನ್ನಡದ ಕಾಣಿಕೆ ತೆಲುಗಿನಲ್ಲಿ ಕಾನುಕ, ನಮ್ಮ ಕೋರಿಕೆ ಅವರ ಕೋರಿಕ. ಆ ಸಾಲಿನಲ್ಲಿ ಕಾಡಿಗೆ–ಕಾಟುಕ ಜೋಡಿಯೂ ಹೊಂದಿಕೊಳ್ಳುತ್ತದೆ. ತಮಿಳಿನವರ ಹಾದಿ ಬೇರೆ, ಅವರು ಕಣ್‌ಮೈ ಎನ್ನುತ್ತಾರೆ, ಕಣ್ಣಿನ ಮಸಿ. ಮಲಯಾಳದ ಕಣ್‌ಮಷಿಯೂ ಹಾಗೆಯೇ. ಸಂಸ್ಕೃತದ ಕಜ್ಜಲ ಹಿಂದಿಯಲ್ಲಿ ಕಾಜಲ್ ಆಯಿತು, ಮರಾಠಿಯಲ್ಲಿ ಕಾಜಳ. ಕಿಟ್ಟೆಲ್ಲರು 1894ರ ತಮ್ಮ ನಿಘಂಟಿನಲ್ಲಿ ಕಾಡಿಗೆಯನ್ನು ದೀಪದ ಕಪ್ಪಾಗಿ, ಕಣ್ಣಿನ ಅಂಜನವಾಗಿ ದಾಖಲಿಸಿದ್ದಾರೆ. ಇಂದಿನ ಅವಸರದವರು ಗಣಕಯಂತ್ರದಲ್ಲಿ ಈ ಪದವನ್ನು ಹುಡುಕಿ ನೋಡಬೇಕು. ಕಣ್ಣೂ ಸಿಗುವುದಿಲ್ಲ, ಕಬ್ಬೂ ಸಿಗುವುದಿಲ್ಲ. ಕಾಡಿಗೆ ಹೋದ ರಾಮ, ಕಾಡಿಗೆ ಹೋದ ಪಾಂಡವರು, ಕಾಡಿಗೆ ಬಿದ್ದ ಬೆಂಕಿ ಇವೇ ಸಾಲುಗಟ್ಟಿ ಬರುತ್ತವೆ. ಚತುರ್ಥೀ ವಿಭಕ್ತಿಯ ಕಾಟ.

ರೋಗದ ಹೆಸರುಗಳ ನಡುವೆ ಇಟ್ಟು ನೋಡಿದಾಗ ಕಾಡಿಗೆ ಒಂಟಿಯಲ್ಲ. ರಾಗಿಗೂ ಭತ್ತಕ್ಕೂ ಬರುವುದು ಬೆಂಕಿ ರೋಗ. ಎಲೆಯ ಮೇಲೆ ಬಿಳಿಯ ಹುಡಿ ಚೆಲ್ಲಿದಂತಾದರೆ ಬೂದಿ ರೋಗ. ಕಪ್ಪಾದರೆ ಕಾಡಿಗೆ. ಬೆಂಕಿ, ಬೂದಿ, ಕಾಡಿಗೆ, ಮೂರೂ ಒಲೆ ದೀಪಗಳ ಬಳಿಯಿಂದಲೇ ಎದ್ದು ಹೊಲಕ್ಕೆ ಹೋದ ಹೆಸರುಗಳು. ಹಾಸನ, ಅರಕಲಗೂಡು ಕಡೆಯ ಆಲೂಗೆಡ್ಡೆಗೆ ಬರುವ ಅಂಗಮಾರಿಯದು ಮಾತ್ರ ಬೇರೆ ಜಾತಿ. ಅದು ಮೈಯನ್ನೇ ಹಿಡಿದ ಮಾರಿ, ದೇವರ ಗುಡಿಯ ಕಡೆಯಿಂದ ಬಂದದ್ದು.

ಬೇರೆ ನಾಡಿನವರು ಇದೇ ಕಪ್ಪಿನಲ್ಲಿ ಏನನ್ನು ಕಂಡರು? ಲ್ಯಾಟಿನ್ನಿನ ಉಸ್ಟಿಲಾಗೋ ಸುಡುವುದಕ್ಕೆ ಸಂಬಂಧಿಸಿದ ಪದ. ಜರ್ಮನ್ನರು ಬ್ರಾಂಡ್ ಎಂದರು, ಅದೂ ಉರಿಯೇ. ಇಂಗ್ಲಿಷಿನ ಸ್ಮಟ್‌ನಲ್ಲಿ ಮಸಿಯ ಕಲೆಯಿದೆ, ಅಶ್ಲೀಲದ ವಾಸನೆಯೂ ಇದೆ. ತಮಿಳರು ಕರಿಪ್ಪೂಟ್ಟೈ ಎನ್ನುತ್ತಾರೆ, ಅಲ್ಲಿರುವುದು ಇದ್ದಿಲಿನ ಕರಿ. ಮರಾಠಿಯಲ್ಲಿ ಕಾಣಿ, ಕಬ್ಬಿನದಾದರೆ ಚಾಬೂಕ್ ಕಾಣಿ, ಎಂದರೆ ಚಾಟಿ ಕಾಣಿ. ಹಿಂದಿಯಲ್ಲಿ ಕಂಡುಆ. ತೆಲುಗಿನವರು ಮಾತ್ರ ನಮ್ಮ ಜೊತೆ ನಿಂತು ಕಾಟುಕ ತೆಗುಲು ಎಂದರು. ಮೆಕ್ಸಿಕೋದವರು ಮುಸುಕಿನ ಜೋಳದ ಕಾಡಿಗೆ ಗಂಟನ್ನು ಹುಯಿಟ್ಲಕೋಚೆ ಎಂದು ಕರೆದು ಬೇಯಿಸಿ ಉಣ್ಣುತ್ತಾರೆ. ಅವರಿಗೆ ಅದು ರೋಗವಲ್ಲ, ರುಚಿ.

ಕನ್ನಡದ ರೋಗದ ಹೆಸರೊಂದು ವಿಜ್ಞಾನದ ಲ್ಯಾಟಿನ್ನಿಗೆ ನುಗ್ಗಿದ ಕಥೆಯೂ ಇದೆ. ಮೈಸೂರು ಸೀಮೆಯ ಕಾಫಿ ಗಿಡಗಳ ಕೊಳೆರೋಗಕ್ಕೆ ಕಾರಣವಾದ ಬೂಷ್ಟಿಗೆ 1876ರಲ್ಲಿ ಎಂ.ಸಿ. ಕುಕ್ ಎಂಬ ಇಂಗ್ಲಿಷ್ ಶಿಲೀಂಧ್ರತಜ್ಞ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದೇ ನಾಮಕರಣ ಮಾಡಿದರು. ಕಾಡಿಗೆಗೆ ಆ ಯೋಗ ಬರಲಿಲ್ಲ. ಕಬ್ಬಿನ ಕಾಡಿಗೆಯನ್ನು ಮೊದಲು ದಾಖಲಿಸಿದ್ದು 1877ರಲ್ಲಿ, ದಕ್ಷಿಣ ಆಫ್ರಿಕದ ನಟಾಲಿನಲ್ಲಿ. ಆಮೇಲೆ ಅದು ಲೋಕವನ್ನೇ ಸುತ್ತಿತು. 1971ರಲ್ಲಿ ಹವಾಯಿ, 1978ರಲ್ಲಿ ಫ್ಲೋರಿಡ, 1998ರಲ್ಲಿ ಆಸ್ಟ್ರೇಲಿಯದ ಪಶ್ಚಿಮದ ಆರ್ಡ್ ಕಣಿವೆ, 2006ರಲ್ಲಿ ಕ್ವೀನ್ಸ್‌ಲ್ಯಾಂಡ್. ಇಂದು ಅದರ ಶಾಸ್ತ್ರನಾಮ ಸ್ಪೋರಿಸೋರಿಯಂ ಸೈಟಾಮಿನಿಯಂ. ಮೊನ್ನೆಮೊನ್ನೆಯವರೆಗೆ ಅದೂ ಉಸ್ಟಿಲಾಗೋ ಕುಲದಲ್ಲೇ ಇತ್ತು.

ಈ ಕಪ್ಪು ಪುಡಿ ಅಂಟುತ್ತದೆ ಎಂಬುದು ತಿಳಿದ ಮೇಲೂ ಅದು ಜೀವವುಳ್ಳದ್ದು ಎಂದು ತಿಳಿಯಲು ಐವತ್ತು ವರ್ಷ ಹಿಡಿಯಿತು. ಫ್ರಾನ್ಸಿನ ಟಿಲ್ಲೆ 1755ರಲ್ಲಿ ಗೋಧಿಯ ಕಪ್ಪು ಪುಡಿಯನ್ನು ಒಳ್ಳೆಯ ಬೀಜಕ್ಕೆ ಸವರಿ ರೋಗ ಅಂಟುವುದನ್ನು ತೋರಿಸಿದ. ಆದರೆ ಅದನ್ನು ವಿಷವೆಂದೇ ಬಗೆದ. 1807ರಲ್ಲಿ ಪ್ರೆವೊ ಎಂಬವನು ಅದೇ ಪುಡಿ ನೀರಿನಲ್ಲಿ ಮೊಳೆಯುವುದನ್ನು ಕಂಡ, ತಾಮ್ರ ಸೋಕಿದ ನೀರಿನಲ್ಲಿ ಮೊಳೆಯದಿರುವುದನ್ನೂ ಕಂಡ. ಬಿತ್ತನೆ ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದುವ ಪದ್ಧತಿಯ ಬೇರು ಅಲ್ಲಿದೆ. ಕನ್ನಡ ನಾಡಿನ ಜೋಳದ ಸೀಮೆಯಲ್ಲಿ ಮೈಲುತುತ್ತವೂ ಆಮೇಲೆ ಗಂಧಕದ ಪುಡಿಯೂ ಬೀಜದ ಗಡಿಗೆಗೆ ಬಂದವು. ಧಾರವಾಡ ಬಿಜಾಪುರಗಳನ್ನು ಒಳಗೊಂಡಿದ್ದ ಆಗಿನ ಮುಂಬಯಿ ಪ್ರಾಂತದ ಜೋಳದ ಕಾಡಿಗೆಗಳನ್ನು ಕುರಿತು ಜಿ.ಎಸ್. ಕುಲಕರ್ಣಿ ಬರೆದ ವರದಿ 1918ರಲ್ಲಿ ಪೂಸಾದ ಕೃಷಿ ಸಂಶೋಧನಾ ಸಂಸ್ಥೆಯಿಂದ ಹೊರಬಂತು. ಕಾಳು ಕಾಡಿಗೆ, ತೆನೆ ಕಾಡಿಗೆ, ಸಡಿಲ ಕಾಡಿಗೆ, ಉದ್ದ ಕಾಡಿಗೆ ಎಂದು ಇಂದು ಕನ್ನಡದ ಕೃಷಿ ಪುಸ್ತಕಗಳಲ್ಲಿ ಕಾಣುವ ವಿಂಗಡಣೆಯ ಹಿಂದೆ ಇಂಥ ಕೆಲಸವಿದೆ. ಹಾಸನದವರ ಅನ್ನವಾದ ರಾಗಿಯ ಕಾಡಿಗೆಯೂ ಕುಲಕರ್ಣಿಯವರ ಕೈಯಿಂದಲೇ ಶಾಸ್ತ್ರಕ್ಕೆ ಸೇರಿತು. ರಾಗಿಯಲ್ಲಿ ಅದು ಚಾಟಿಯಾಗಿ ಬರುವುದಿಲ್ಲ. ತೆನೆಯ ನಡುನಡುವೆ ಕೆಲವು ಕಾಳು ಮಾತ್ರ ಹಸಿರಾಗಿ ಉಬ್ಬಿ, ಬಳಿಕ ಕಪ್ಪುಗಟ್ಟಿ ನಿಲ್ಲುತ್ತವೆ.

ರಾಗಿಯ ಆ ಬೂಷ್ಟನ್ನು 1940ರ ದಶಕದಲ್ಲಿ ಬೇರೆ ಕುಲಕ್ಕೆ ಸೇರಿಸಿದವರು ಇಬ್ಬರು. ಹೆಸರಿನಲ್ಲೇ ಕರಾವಳಿಯ ಮುಂಡ್ಕೂರನ್ನು ಹೊತ್ತ ಬಿ.ಬಿ. ಮುಂಡ್ಕೂರ್ ಒಬ್ಬರು, ಮೈಸೂರು ಸೀಮೆಯ ಎಂ.ಜೆ. ತಿರುಮಲಾಚಾರ್ ಇನ್ನೊಬ್ಬರು. ಭಾರತದ ಕಾಡಿಗೆ ಶಿಲೀಂಧ್ರಗಳನ್ನೆಲ್ಲ ಒಂದೆಡೆ ತಂದ ಇವರ ಜಂಟಿ ಗ್ರಂಥ 1952ರಲ್ಲಿ ಇಂಗ್ಲೆಂಡಿನ ಕ್ಯೂನಲ್ಲಿ ಅಚ್ಚಾಯಿತು. ತಿರುಮಲಾಚಾರ್ ಮುಂದೆ ಎಲ್ಲಿಗೆ ಹೋದರು ಎಂಬುದನ್ನು ಆಮೇಲೆ ಹೇಳುತ್ತೇನೆ.

ಈಗ ಕಬ್ಬಿನ ಗದ್ದೆಗೆ ಬರೋಣ. ಕಬ್ಬಿನ ಬಿತ್ತನೆಯ ಲೆಕ್ಕ ಇರುವುದು ಕಣ್ಣಿನಲ್ಲಿ. ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಎನ್ನುತ್ತೇವೆ. ಗೆಣ್ಣಿನ ಮೇಲೆ ಮುಚ್ಚಿಕೊಂಡಿರುವ ಮೊಗ್ಗೇ ಆ ಕಣ್ಣು. ಕಾಡಿಗೆ ರೋಗ ಕಬ್ಬಿನೊಳಗೆ ಇಳಿಯುವುದು ಹೆಚ್ಚಾಗಿ ಆ ಕಣ್ಣಿನ ಮೂಲಕವೇ. ಗಾಳಿಯಲ್ಲಿ ಬಂದ ಪುಡಿ ಕಣ್ಣಿನ ಸಿಪ್ಪೆಯ ಸಂದಿನಲ್ಲಿ ಕೂರುತ್ತದೆ, ತೇವ ಸಿಕ್ಕಾಗ ಮೊಳೆಯುತ್ತದೆ, ಒಳಹೊಕ್ಕು ಮಲಗುತ್ತದೆ. ಹೆಸರಿಟ್ಟ ರೈತನಿಗೆ ಈ ದಾರಿ ತಿಳಿದಿರಲಿಲ್ಲ, ಅವನು ಕಂಡದ್ದು ಕೊನೆಯ ಕಪ್ಪನ್ನು ಮಾತ್ರ. ಆದರೂ ಕಾಡಿಗೆ ಸೇರಬೇಕಾದ ಜಾಗಕ್ಕೇ ಸೇರಿತ್ತು.

ಒಳಹೊಕ್ಕ ಮೇಲಿನ ಬದುಕು ಇನ್ನೂ ವಿಚಿತ್ರ. ಕರಿಯ ಪುಡಿಯ ಒಂದು ಕಣ ಮೊಳೆತಾಗ ಅದರಿಂದ ಪುಟ್ಟ ಪುಟ್ಟ ಕೋಶಗಳು ಹೊರಡುತ್ತವೆ. ಅವು ಹಿಟ್ಟು ಹುದುಗಿಸುವ ಯೀಸ್ಟಿನ ಬಗೆಯವು. ಮೈಯಿಂದ ಮೊಗ್ಗೊಡೆದು ಮರಿ ಹಾಕುತ್ತವೆ, ತಟ್ಟೆಯಲ್ಲಿ ಒಂದಿಷ್ಟು ಸಕ್ಕರೆ ನೀರು ಕೊಟ್ಟರೆ ಕಬ್ಬಿನ ಹಂಗಿಲ್ಲದೆ ತಿಂಗಳುಗಟ್ಟಲೆ ಬಾಳುತ್ತವೆ. 1880ರ ದಶಕದಲ್ಲಿ ಜರ್ಮನಿಯ ಬ್ರೆಫೆಲ್ಡ್ ಇದನ್ನು ತೋರಿಸಿಕೊಟ್ಟ. ಈ ಅವಸ್ಥೆಯಲ್ಲಿ ಅದು ಪೂರ್ತಿ ಸಾಧು. ಗಿಡದ ಮೇಲೆ ಸುರಿದರೂ ರೋಗ ಬರುವುದಿಲ್ಲ. ಹೊಂದುವ ಜಾತಿಯ ಎರಡು ಕೋಶಗಳು ಎದುರಾಗಿ ಬೆಸೆದುಕೊಂಡಾಗ ಮಾತ್ರ ಅದರ ಆಕಾರ ಬದಲಾಗುತ್ತದೆ. ದುಂಡನೆಯ ಕೋಶ ಹೋಗಿ ಉದ್ದನೆಯ ನೂಲು ಹೊರಡುತ್ತದೆ. ಆ ನೂಲಿಗೆ ಗಿಡದ ಹೊರಗೆ ಬದುಕಿಲ್ಲ. ಅದು ಹೊಕ್ಕೇ ಹೋಗಬೇಕು. ಹೀಗೆ ಎರಡು ದೇಹಗಳಲ್ಲಿ ಬಾಳುವ ಬೂಷ್ಟನ್ನು ದ್ವಿರೂಪಿ ಶಿಲೀಂಧ್ರ ಎನ್ನುತ್ತಾರೆ.

ಇದರ ಗುಟ್ಟನ್ನು ಬಿಡಿಸಲು ಹೆಚ್ಚು ನೆರವಾದದ್ದು ಮುಸುಕಿನ ಜೋಳದ ಕಾಡಿಗೆ, ಉಸ್ಟಿಲಾಗೋ ಮೇಡಿಸ್. ಜೀವವಿಜ್ಞಾನಿಗಳಿಗೆ ಅದು ಬಹು ಹಳೆಯ ಗೆಳೆಯ. ಡಿ.ಎನ್.ಎ. ಎಳೆಗಳು ಒಂದಕ್ಕೊಂದು ಅಡ್ಡಹಾಯ್ದು ಬದಲಿಯಾಗುವ ಕ್ರಮವನ್ನು ರಾಬಿನ್ ಹಾಲಿಡೇ 1964ರಲ್ಲಿ ಊಹಿಸಿದ್ದಕ್ಕೂ ಅವನು ಈ ಬೂಷ್ಟಿನ ಜೊತೆ ಕಳೆದ ವರ್ಷಗಳಿಗೂ ನಂಟಿದೆ. ರೂಪ ಬದಲಿಸುವ ಕೀಲಿ ಎಲ್ಲಿದೆ ಎಂಬುದು 1990ರ ಹೊತ್ತಿಗೆ ಸಿಕ್ಕಿತು. ಜರ್ಮನಿಯ ರೆಗೀನೆ ಕಾಹ್ಮನ್ ಗುಂಪಿನವರೂ ಅಮೆರಿಕದ ಕೆಲವರೂ ಅದನ್ನು ಬಿಡಿಸಿದರು. ಬಿ ಎಂದು ಕರೆಯುವ ಒಂದು ಜಾಗದಲ್ಲಿ ಎರಡು ಜೀನುಗಳು ಬೆನ್ನಿಗೆ ಬೆನ್ನು ತಿರುಗಿಸಿ ಕೂತಿವೆ. ಒಂದರ ಹೆಸರು ಪೂರ್ವ, ಇನ್ನೊಂದರ ಹೆಸರು ಪಶ್ಚಿಮ. ಒಂದೇ ಕೋಶದ ಪೂರ್ವಕ್ಕೂ ಪಶ್ಚಿಮಕ್ಕೂ ಆಗಿಬರುವುದಿಲ್ಲ, ಸಗೋತ್ರದ ತೊಡಕು. ಬೇರೆ ಕೋಶದಿಂದ ಬಂದ ಪೂರ್ವದ ಪ್ರೋಟೀನ್ ಈ ಕೋಶದ ಪಶ್ಚಿಮದ ಪ್ರೋಟೀನಿನ ಜೊತೆ ಕೂಡಿದಾಗಲೇ ಜೋಡಿ ಕೆಲಸಕ್ಕೆ ನಿಲ್ಲುತ್ತದೆ. ಆ ಜೋಡಿ ಕೆಲವು ಜೀನುಗಳನ್ನು ಎಬ್ಬಿಸುತ್ತದೆ, ಅವು ಇನ್ನಷ್ಟನ್ನು ಎಬ್ಬಿಸುತ್ತವೆ, ಕೋಶ ಒಡೆದು ಎರಡಾಗುವುದನ್ನು ನಿಲ್ಲಿಸಿ ನೂಲಾಗಿ ಚಾಚಲು ತೊಡಗುತ್ತದೆ.

2006ರಲ್ಲಿ ಈ ಬೂಷ್ಟಿನ ಇಡೀ ಜೀನೋಮ್ ಓದಿ ಮುಗಿಸಿದಾಗ ಸಿಕ್ಕಿದ್ದು ಸುಮಾರು 2 ಕೋಟಿ ಅಕ್ಷರಗಳ, 7 ಸಾವಿರದ ಹತ್ತಿರದ ಜೀನುಗಳ ಪುಸ್ತಕ. ಅದರಲ್ಲಿ ಗಮನ ಸೆಳೆದದ್ದು ಗುಂಪುಗುಂಪಾಗಿ ಕೂತಿದ್ದ, ಹೊರಗೆ ಸುರಿಸುವ ಪ್ರೋಟೀನುಗಳ ಜೀನುಗಳು. ತಟ್ಟೆಯಲ್ಲಿ ಬೆಳೆಯುವಾಗ ಅವುಗಳಲ್ಲಿ ಬಹುಪಾಲು ಬಾಯಿ ಮುಚ್ಚಿಕೊಂಡಿರುತ್ತವೆ, ಗಿಡದೊಳಗೆ ಕಾಲಿಟ್ಟೊಡನೆ ತೆರೆಯುತ್ತವೆ. ಒಂದು ಪ್ರೋಟೀನ್ ಗಿಡದ ಮೊದಲ ಪ್ರತಿರೋಧವನ್ನು ತಡೆಯುತ್ತದೆ. ಇನ್ನೊಂದು ಗಿಡದ ಕೋಶದೊಳಗೇ ಹೋಗಿ, ಪ್ರತಿರೋಧಕ್ಕೆ ಬೇಕಾದ ಕಚ್ಚಾ ವಸ್ತುವನ್ನು ಬೇರೆ ಕಡೆಗೆ ತಿರುಗಿಸುತ್ತದೆ. ಕೊಲ್ಲುವ ಆತುರ ಈ ಬೂಷ್ಟಿಗಿಲ್ಲ. ಗಿಡ ಬದುಕಿದ್ದರೇ ಅದಕ್ಕೆ ಊಟ.

ಕಬ್ಬಿನ ಕಾಡಿಗೆಯ ಜೀನೋಮನ್ನು 2014–15ರಲ್ಲಿ ಚೀನಾದವರೂ ಬ್ರೆಜಿಲಿನವರೂ ಬೇರೆಬೇರೆಯಾಗಿ ಓದಿದರು. ಅದೂ ಸುಮಾರು 2 ಕೋಟಿ ಅಕ್ಷರ, ಆರೂವರೆ ಸಾವಿರಕ್ಕೂ ಮಿಕ್ಕ ಜೀನು. ಪಿರಾಸಿಕಾಬಾದಲ್ಲಿರುವ ಸಾವೊ ಪಾವ್ಲೊ ವಿಶ್ವವಿದ್ಯಾಲಯದ ಕೃಷಿ ಶಾಲೆಯವರು ಒಂದು ಹೆಜ್ಜೆ ಮುಂದೆ ಹೋದರು. ಸೋಂಕು ತಗಲಿದ 5ನೆಯ ದಿನ ಯಾವ ಜೀನು ಮಾತಾಡುತ್ತಿದೆ, ಚಾಟಿ ಹೊರಟ ಮೇಲೆ 200ನೆಯ ದಿನ ಯಾವುದು ಮಾತಾಡುತ್ತಿದೆ ಎಂದು ಹೋಲಿಸಿ ನೋಡಿದರು. ಎರಡೂ ದಿನ ಪುಸ್ತಕ ಅದೇ, ಓದಿದ ಪುಟಗಳು ಬೇರೆ. ಮೊದಲ ದಿನಗಳಲ್ಲಿ ಒಳನುಗ್ಗುವ, ಅವಿತುಕೊಳ್ಳುವ ಕೆಲಸದ ಜೀನುಗಳ ಓಡಾಟ. ಕೊನೆಗೆ ಪುಡಿ ಕಟ್ಟುವ ತಯಾರಿ. ಬೂಷ್ಟಿನ ಜೊತೆಗೆ ಕಬ್ಬೂ ಬದಲಾಗಿರುತ್ತದೆ. ಬೆಳೆಯುವ ತುದಿಗೆ, ಹೂವಿಗೆ ಸಂಬಂಧಿಸಿದ ಕಬ್ಬಿನದೇ ಜೀನುಗಳು ಅದಲುಬದಲಾಗಿ, ಇನ್ನಷ್ಟು ಎಲೆ ಗೆಣ್ಣು ಬಿಡಬೇಕಾದ ನೆತ್ತಿ ಚಾಟಿಯಾಗಿ ನೀಳುತ್ತದೆ. ಕಬ್ಬು ತಾನಾಗಿ ಹೂ ಬಿಟ್ಟರೆ ಬರುವುದು ಬೆಳ್ಳಿಯಂಥ ಸೂಲಂಗಿ. ಅದು ನಿಲ್ಲಬೇಕಿದ್ದ ನೆತ್ತಿಯಲ್ಲಿ ಬೆಳ್ಳನೆಯ ಪೊರೆ ಹೊದ್ದ ಚಾಟಿ ಏಳುತ್ತದೆ, ಪೊರೆ ಹರಿದಾಗ ಕೋಟಿಗಟ್ಟಲೆ ಕಣ ಗಾಳಿಗೆ.

ಜೀನು ‘ಮಾತಾಡುತ್ತದೆ’, ‘ಎಬ್ಬಿಸುತ್ತದೆ’ ಎಂದೆಲ್ಲ ಬರೆದೆ. ಇದಕ್ಕೆ ಕನ್ನಡದ ಪಠ್ಯಗಳಲ್ಲಿ ಬಳಸುವ ಪದ ಅಭಿವ್ಯಕ್ತಿ, ಜೀನ್ ಅಭಿವ್ಯಕ್ತಿ. ಇಂಗ್ಲಿಷಿನ ಎಕ್ಸ್‌ಪ್ರೆಷನ್ ಪದಕ್ಕೆ ಪ್ರತಿಯಾಗಿ ಬಂದದ್ದು. ಎಕ್ಸ್‌ಪ್ರೆಷನ್ನಿನ ಲ್ಯಾಟಿನ್ ಮೂಲ ನೋಡಿದರೆ ಹೊರಕ್ಕೆ ಒತ್ತುವುದು, ಹಿಂಡುವುದು. ಕಬ್ಬಿನ ಸೀಮೆಗೆ ಅದು ಹೊಂದುವ ಮಾತೇ, ಆಲೆಮನೆಯ ಗಾಣ ಮಾಡುವುದು ಅದನ್ನೇ. ಜೀನಿಗೆ ಮಾತ್ರ ಅದು ಒಗ್ಗದು. ಹಿಂಡಿದ ಜಲ್ಲೆ ಸಿಪ್ಪೆಯಾಗುತ್ತದೆ. ಜೀನು ಎಷ್ಟು ಸಲ ಓದಿಸಿಕೊಂಡರೂ ಒಂದಕ್ಷರ ಸವೆಯದೆ ಹಾಗೆಯೇ ಇರುತ್ತದೆ.

ಅಭಿವ್ಯಕ್ತಿಯ ಬೇರು ಬೇರೆ ಕಡೆಗಿದೆ. ಅಭಿ, ವಿ ಎಂಬ ಎರಡು ಉಪಸರ್ಗಗಳನ್ನು ಕಳಚಿದರೆ ಉಳಿಯುವುದು ಅಂಜ್ ಎಂಬ ಸಂಸ್ಕೃತ ಧಾತು. ಅದರ ಅರ್ಥ ಸವರು, ಲೇಪಿಸು, ಲೇಪಿಸಿ ಎದ್ದು ಕಾಣುವಂತೆ ಮಾಡು. ಲ್ಯಾಟಿನ್ನಿನಲ್ಲಿ ಮುಲಾಮು ಹಚ್ಚುವುದಕ್ಕಿರುವ ಉಂಗುವೊ ಇದೇ ಬಳಗದ್ದು. ಅಂಜ್ ಧಾತುವಿನಿಂದ ವ್ಯಕ್ತ, ಅವ್ಯಕ್ತ, ವ್ಯಕ್ತಿ, ವ್ಯಂಜನ ಬಂದವು. ಕಣ್ಣಿಗೆ ಸವರುವ ಅಂಜನವೂ ಅಲ್ಲಿಂದಲೇ ಬಂತು. ಎಂದರೆ ಸಂಸ್ಕೃತದ ಅಂಗಳದಲ್ಲಿ ನಮ್ಮ ಕಾಡಿಗೆಯೂ ಜೀನಿನ ಅಭಿವ್ಯಕ್ತಿಯೂ ಒಂದೇ ಬೇರಿನ ಎರಡು ಕವಲು. ಪಾರಿಭಾಷಿಕ ಪದ ಕಟ್ಟಿದವರು ಇದನ್ನು ಯೋಚಿಸಿರಲಾರರು. ಅವರ ಮುಂದೆ ಇದ್ದದ್ದು ಕಾವ್ಯಮೀಮಾಂಸೆಯ ಅಭಿವ್ಯಕ್ತಿ. ರಸ ಹೊಸದಾಗಿ ಹುಟ್ಟುವುದಿಲ್ಲ, ಸಹೃದಯನಲ್ಲಿ ವಾಸನೆಯಾಗಿ ಮೊದಲೇ ಇರುವುದು ಅಭಿವ್ಯಕ್ತವಾಗುತ್ತದೆ ಎಂದು ಅಭಿನವಗುಪ್ತ ವಾದಿಸಿದ. ಅದಕ್ಕೂ ಹಿಂದೆ ಸಾಂಖ್ಯರು ಕಾರ್ಯ ಎನ್ನುವುದು ಕಾರಣದಲ್ಲಿ ಅಡಗಿಯೇ ಇರುತ್ತದೆ, ಆಮೇಲೆ ವ್ಯಕ್ತವಾಗುತ್ತದೆ ಎಂದಿದ್ದರು. ತಟ್ಟೆಯಲ್ಲಿ ಸಾಧುವಾಗಿ ಮೊಗ್ಗೊಡೆಯುವ ಕೋಶದಲ್ಲಿ ನೂಲಿನ, ಚಾಟಿಯ, ಕರಿಪುಡಿಯ ಜೀನುಗಳೆಲ್ಲ ಮೊದಲೇ ಇರುವುದನ್ನು ನೆನೆದರೆ, ಎಕ್ಸ್‌ಪ್ರೆಷನ್ನಿಗಿಂತ ಅಭಿವ್ಯಕ್ತಿಯೇ ಈ ಬೂಷ್ಟಿನ ನಡತೆಯನ್ನು ಸರಿಯಾಗಿ ಹಿಡಿಯುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಅಂಜನಕ್ಕೂ ಎರಡು ಮುಖಗಳಿವೆ. ಒಂದು, ಕಾಣದ್ದನ್ನು ಕಾಣಿಸುವುದು. ದನ ಕಳೆದರೆ, ಒಡವೆ ಕಳುವಾದರೆ ಅಂಜನ ಹಾಕಿಸಿ ನೋಡುವ ರೂಢಿ ನಮ್ಮ ಹಳ್ಳಿಗಳಲ್ಲಿತ್ತು. ವೀಳ್ಯದೆಲೆಗೋ ಅಂಗೈಗೋ ಕಪ್ಪು ಸವರಿ, ಮಗುವನ್ನು ಕೂರಿಸಿ, ಏನು ಕಾಣುತ್ತದೆ ಎಂದು ಕೇಳುವುದು. ಇನ್ನೊಂದು, ಅಂಟಿದ ಕಲೆ. ಚನ್ನರಾಯಪಟ್ಟಣ ತಾಲ್ಲೂಕಿನದೇ ಆದ ಶ್ರವಣಬೆಳಗೊಳದ ಕಡೆ ತಿರುಗಿದರೆ ಈ ಎರಡನೆಯ ಅರ್ಥ ಸಿಗುತ್ತದೆ. ಜೈನರಿಗೆ ಮುಕ್ತಾತ್ಮ ನಿರಂಜನ, ಕರ್ಮದ ಅಂಜನ ಅಂಟದವನು. ಬಾಹುಬಲಿಯ ಮೈಮೇಲೆ ಬಳ್ಳಿ ಹಬ್ಬುತ್ತದೆ, ಅಂಜನ ಹತ್ತುವುದಿಲ್ಲ. ಹೀಗೆ ಸಂಸ್ಕೃತದಲ್ಲಿ ಅಂಜನ ಮಾಡಿದ ಕೆಲಸವನ್ನು ಕನ್ನಡದಲ್ಲಿ ಕಾಡಿಗೆ ತನ್ನ ಪಾಡಿಗೆ ತಾನು ಮಾಡಿತು, ಕಣ್ಣಿನಲ್ಲಿ ಹೊಳಪಾಗಿ, ತೆನೆಯಲ್ಲಿ ಕಳಂಕವಾಗಿ.

ತಿರುಮಲಾಚಾರ್ ಅವರ ಮಾತಿಗೆ ಬರುತ್ತೇನೆ. ಬೆಳೆಗಳ ಕಾಡಿಗೆಯನ್ನು ವಿಂಗಡಿಸಿದ ಅವರು ಮುಂದೆ ಪುಣೆಯ ಹತ್ತಿರ ಪಿಂಪ್ರಿಯಲ್ಲಿದ್ದ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆಗೆ ಹೋಗಿ ಬೂಷ್ಟುಗಳನ್ನು ಕೊಲ್ಲುವ ಔಷಧ ಹುಡುಕಿದರು. ಅಲ್ಲಿ ಅವರ ತಂಡಕ್ಕೆ ಸಿಕ್ಕಿದ್ದು ಹ್ಯಾಮೈಸಿನ್. ಆ ಹೆಸರಿನ ಮೊದಲ ಅಕ್ಷರಗಳಲ್ಲಿ ಕಾರ್ಖಾನೆಯ ಹೆಸರು ಅಡಗಿದೆ. 1960ರ ದಶಕದಲ್ಲಿ ಅಮೆರಿಕದ ವೈದ್ಯರು ಅದನ್ನು ಬ್ಲಾಸ್ಟೊಮೈಕೋಸಿಸ್ ಎಂಬ ರೋಗಕ್ಕೆ ಕೊಟ್ಟು ನೋಡಿದರು. ಆ ರೋಗ ತರುವುದೂ ದ್ವಿರೂಪಿ ಶಿಲೀಂಧ್ರವೇ, ಆದರೆ ಅದರ ನಡೆ ಕಾಡಿಗೆಗೆ ತಿರುಗುಮುರುಗು. ಅದು ಮಣ್ಣಿನಲ್ಲಿ ನೂಲಾಗಿ ಸುಮ್ಮನಿರುತ್ತದೆ. ಉಸಿರಿನ ಜೊತೆ ಮನುಷ್ಯನ ಶ್ವಾಸಕೋಶಕ್ಕೆ ಇಳಿದು 37 ಡಿಗ್ರಿಯ ಬಿಸಿ ತಾಗಿದೊಡನೆ ದುಂಡನೆಯ ಯೀಸ್ಟಾಗಿ ಕೇಡಿಗೆ ತೊಡಗುತ್ತದೆ. ಕಬ್ಬಿನದು ಹೊರಗೆ ಯೀಸ್ಟು, ಒಳಗೆ ನೂಲು. ಮನುಷ್ಯನದು ಹೊರಗೆ ನೂಲು, ಒಳಗೆ ಯೀಸ್ಟು. ಒಂದನ್ನು ಬದಲಿಸುವುದು ಜೋಡಿ ಸಿಕ್ಕ ಸುದ್ದಿ, ಇನ್ನೊಂದನ್ನು ಬದಲಿಸುವುದು ನಮ್ಮ ಮೈಬಿಸಿ. ಮೈಸೂರು ಸೀಮೆಯ ಒಬ್ಬರೇ ವಿಜ್ಞಾನಿಯ ಬದುಕು ಈ ಎರಡು ಬಗೆಯನ್ನೂ ಮುಟ್ಟಿ ಬಂದದ್ದು ನಮ್ಮಲ್ಲಿ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ.

ಕಬ್ಬಿನ ಕಾಡಿಗೆಗೆ ಗದ್ದೆಯಲ್ಲಿ ಮಾಡುವ ಉಪಾಯ ಸರಳವಾದದ್ದು, ಬೇಸರದ್ದು. ಬಿತ್ತನೆ ತುಂಡನ್ನು 50 ಡಿಗ್ರಿ ಬಿಸಿನೀರಿನಲ್ಲಿ 2 ಗಂಟೆ ಇಟ್ಟು ನೆಡಬೇಕು. ಕಣ್ಣು ಬೇಯಬಾರದು, ಕಣ್ಣೊಳಗಿನ ನೂಲು ಸಾಯಬೇಕು, ಅಷ್ಟು ಸಣ್ಣ ಅಂತರ. ಚಾಟಿ ಕಂಡರೆ ಪೊರೆ ಹರಿಯುವ ಮೊದಲೇ ಚೀಲ ಕವುಚಿ, ಬುಡಸಹಿತ ಕಿತ್ತು ಸುಡಬೇಕು. ಬರಿಗೈಲಿ ಎಳೆದರೆ ಊರಿಗೆಲ್ಲ ಹಂಚಿದ ಹಾಗೆ. ರೋಗ ಹೆಚ್ಚಿದ್ದ ಗದ್ದೆಯಲ್ಲಿ ಕೂಳೆ ಬಿಡಬಾರದು. ಕೊನೆಯ ಮಾತನ್ನು ಹೇಳುವುದು ಸುಲಭ. ಕೂಳೆಯೆಂದರೆ ಬಿತ್ತನೆಯ ಖರ್ಚಿಲ್ಲದ ಬೆಳೆ, ಅದನ್ನು ಬಿಡು ಎಂದರೆ ರೈತ ಮುಖ ನೋಡುತ್ತಾನೆ.

ಪದದ ಕಡೆ ನೋಡಿದರೆ ಪೇಟೆಯಲ್ಲಿ ಕಾಡಿಗೆ ಸೋಲುತ್ತಿದೆ. ಹಾಸನದ ಫ್ಯಾನ್ಸಿ ಅಂಗಡಿಗಳಲ್ಲಿ ಕೇಳುವುದೂ ಕೊಡುವುದೂ ಕಾಜಲ್, ಪೆನ್ಸಿಲಿನ ರೂಪದಲ್ಲಿ. ಕರಡಿಗೆಯೂ ಇಲ್ಲ, ಗರುಗದ ಬತ್ತಿಯೂ ಇಲ್ಲ. ಕೂಸುಗಳ ಕಣ್ಣಿಗೆ ಏನನ್ನೂ ಹಚ್ಚಬೇಡಿ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ, ಅದು ಸರಿಯಾದದ್ದೇ. ಹೀಗೆ ಕಣ್ಣಿನಿಂದ ಇಳಿದ ಪದಕ್ಕೆ ಈಗ ಗಟ್ಟಿಯಾಗಿ ಉಳಿದಿರುವ ನೆಲೆ ಹೊಲಗದ್ದೆ. ಕಾರೇಕೆರೆಯ ಕೃಷಿ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಕಣ್ಣಿಗೆ ಕಾಜಲ್ ತೀಡಿ ತರಗತಿಗೆ ಬಂದು, ಪರೀಕ್ಷೆಯಲ್ಲಿ ಸ್ಪೋರಿಸೋರಿಯಂ ಎಂದು ಬರೆದು, ರೈತರ ಹತ್ತಿರ ಹೋದಾಗ ಕಾಡಿಗೆ ರೋಗ ಎನ್ನಬೇಕಾಗುತ್ತದೆ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಪ್ಪು ಚಾಟಿಯನ್ನು ಕವರಿನಲ್ಲಿ ಸುತ್ತಿ ತರುವವನಿಗೆ ಬೇರೆ ಹೆಸರು ಬೇಕಾಗಿಯೂ ಇಲ್ಲ.